ನೇಜಿ ಹಾಡಿನ ಒಂದು ಸಾಲು ಸಿಕ್ಕಿದೆ, ಉಳಿದದ್ದು ಯಾರಿಗಾದರೂ ಗೊತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಒಂದು ಸಣ್ಣಕತೆ ಬರೆಯಲು ಹೊರಟು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸಹಾಯ ಬೇಕು.

ಕತೆ ಹುಟ್ಟಿದ್ದೇ ಒಂದು ಹಾಡಿನಿಂದ. ನಮ್ಮ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ತುಳುವಿನಲ್ಲಿ ಓಬೇಲೆ ಎಂಬ ನಾಟಿ ಹಾಡು ಹಾಡುತ್ತಿದ್ದರು. ಒಬ್ಬರು ಸಾಲು ಎತ್ತಿಕೊಡುವುದು, ಉಳಿದವರು ದನಿ ಸೇರಿಸುವುದು. (ಆ ಗದ್ದೆ ಈಗ ಅಡಿಕೆ ತೋಟ, ಬಿಡಿ.) ಮೊನ್ನೆ ಅಜ್ಜಿ ಸುಮ್ನೆ ಕೂತಲ್ಲೇ ಒಂದು ಸಾಲು ಗುನುಗಿದರು. ತವರಿನ ದಾರಿಯಲ್ಲಿ ಹೊಳೆ ತುಂಬಿದೆ, ದಾಟುವುದು ಹೇಗೆ ಅಂತ ಒಬ್ಬಳು ಕೇಳುತ್ತಾಳೆ. ಅಷ್ಟೇ. ಅವಳು ದಾಟಿದಳಾ? ಅಜ್ಜಿಗೆ ನೆನಪಿಲ್ಲ. ನನಗೆ ಎರಡು ದಿನ ನಿದ್ದೆ ಇಲ್ಲ. ಹಾಡು ಹೇಳದೆ ಬಿಟ್ಟ ಕಡೆಯೇ ಕತೆಗೆ ಜಾಗ, ಅಲ್ವಾ?

ಕುಂಬಳೆ, ಪೆರ್ಲ, ಮಂಜೇಶ್ವರ ಕಡೆಯವರು ಇಂಥ ಹಾಡು ಕೇಳಿದ್ದೀರಾ? ನೆನಪಿದ್ದಷ್ಟು ಸಾಕು. ಮನೆಯ ಹಿರಿಯರಿಂದ ಹಾಡಿಸಿ ವಾಯ್ಸ್ ಮೆಸೇಜ್ ಕಳಿಸಿದರೂ ಆದೀತು.

ಇನ್ನೊಂದು. ಕತೆಯ ಕೊನೆಗೆ ರೇಡಿಯೋದಲ್ಲಿ ಹಳೇ ಸಿನಿಮಾ ಹಾಡು ಬರುತ್ತದೆ. ಅದರ ಸಾಲು ಕತೆಯಲ್ಲಿ ಹಾಕೋಣ ಅಂದರೆ, ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಕಾಪಿರೈಟ್ ಹಕ್ಕು ಇರುತ್ತದೆ. ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರು ಬದುಕಿದ್ದಾಗ ಅಚ್ಚಾದ ಸಾಲಾದರೆ ತೊಂದರೆಯಿಲ್ಲ. ನನ್ನ ಹಾಡು ಅಷ್ಟು ಹಳೆಯದಲ್ಲ. ಪತ್ರಿಕೆಗೆ ಕತೆ ಕಳಿಸಿದವರು ಒಪ್ಪಿಗೆ ಹೇಗೆ ಪಡೆದಿರಿ? ಅಥವಾ ಸಾಲು ಬಿಟ್ಟು, ಹಾಡು ಕೇಳಿದವಳ ಮುಖ ಮಾತ್ರ ಬರೆದಿರಾ? ನನಗೇನೋ ಎರಡನೆಯದೇ ಚೆಂದ ಅನಿಸುತ್ತಿದೆ, ಆದರೂ ಕೇಳಿಬಿಡೋಣ ಅಂತ.