ಮೌಲ್ಯಶಿಕ್ಷಣದ ಪೀರಿಯಡ್ ತೆಗೆದುಕೊಳ್ಳುವ ಮುಂಚೆ ಟೀಚರ್ ಓದಬೇಕಾದ ಪುಸ್ತಕ ಯಾವುದು?

ಸವಿತಾ, ಹಾವೇರಿ:
ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಮೌಲ್ಯಶಿಕ್ಷಣವೂ ನನಗೇ ಬಂದಿದೆ. ಕಥೆ ಹೇಳುವುದು, ಬೋರ್ಡ್ ಮೇಲೆ ‘ನೀತಿ’ ಅಂತ ಬರೆಯುವುದು, ಮಕ್ಕಳು ಅದನ್ನು ನೋಟ್ಸ್ ಮಾಡಿಕೊಳ್ಳುವುದು. ಇಷ್ಟೇ ನಡೀತಿದೆ. ‘ಎಲ್ಲರೂ ಸಮಾನರು’ ಅಂತ ಬರೆದುಕೊಂಡ ಮಕ್ಕಳೇ ಬಿಸಿಯೂಟಕ್ಕೆ ತಮ್ಮ ತಮ್ಮ ಓಣಿಯವರ ಜೊತೆ ಮಾತ್ರ ಕೂರುತ್ತಾರೆ. ನೋಡಿದರೆ ಸಂಕಟ ಆಗುತ್ತದೆ. ಶಿಕ್ಷಣ, ನೀತಿ, ಸಮಾಜ ಮೂರನ್ನೂ ಸೇರಿಸಿ ಯೋಚಿಸುವ ಗಟ್ಟಿ ಪುಸ್ತಕ ಇದ್ದರೆ ಹೇಳಿ.

ಬಸವರಾಜ:
ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಅವರ ‘ಪೆಡಗಾಜಿ ಆಫ್ ದಿ ಅಪ್ರೆಸ್ಡ್’ ಓದಿ ಮೇಡಂ. ಮಕ್ಕಳ ತಲೆಗೆ ಪಾಠ ತುಂಬುವುದನ್ನು ಬ್ಯಾಂಕಿಗೆ ಹಣ ಕಟ್ಟುವುದಕ್ಕೆ ಹೋಲಿಸುವ ಎರಡನೇ ಅಧ್ಯಾಯ ಒಂದನ್ನೇ ಓದಿದರೂ ಸಾಕು.

ನಿವೃತ್ತ ಮೇಷ್ಟ್ರು:
ಫ್ರೇರೆ ಖಂಡಿತ ಓದಿ. ಆದರೆ ಸವಿತಾ ಅವರ ಪ್ರಶ್ನೆಗೆ ನೇರ ಉತ್ತರ ಇರುವುದು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಅವರ ‘ಡೆಮಾಕ್ರಸಿ ಅಂಡ್ ಎಜುಕೇಶನ್’ನಲ್ಲಿ (1916). ಡಿ.ಎಡ್. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಈಗಲೂ ಅದರ ಮೇಲಿನ ಪ್ರೀತಿ ಹೋಗಿಲ್ಲ. 26 ಅಧ್ಯಾಯ ಇವೆ. ಮೊದಲಿಂದ ಹಿಡಿದರೆ ಸುಸ್ತಾಗುತ್ತದೆ, ಕೊನೆಯದನ್ನೇ ಮೊದಲು ಓದಿ. ಅದು ನೀತಿಯ ಬಗ್ಗೆಯೇ ಇದೆ. ನೀತಿಯನ್ನು ಬೇರೆ ಪಾಠ ಮಾಡಿ ಇಟ್ಟರೆ ಅದು ನಡತೆಗೆ ಇಳಿಯುವುದಿಲ್ಲ, ಶಾಲೆಯೇ ಒಂದು ಪುಟ್ಟ ಸಮಾಜವಾಗಿ ನಡೆಯಬೇಕು ಅನ್ನುತ್ತಾರೆ.

ಆಮೇಲೆ ಏಳನೇ ಅಧ್ಯಾಯ. ಒಂದು ಗುಂಪನ್ನು ಅಳೆಯಲು ಅಲ್ಲಿ ಎರಡು ಪ್ರಶ್ನೆ ಕೊಡುತ್ತಾರೆ. ಒಳಗಿನವರು ಎಷ್ಟು ವಿಷಯ ಹಂಚಿಕೊಳ್ಳುತ್ತಾರೆ? ಹೊರಗಿನವರ ಜೊತೆ ಎಷ್ಟು ಮುಕ್ತವಾಗಿ ಬೆರೆಯುತ್ತಾರೆ? ಕಳ್ಳರ ಗುಂಪಲ್ಲೂ ಒಗ್ಗಟ್ಟು ಇರುತ್ತದಲ್ವಾ, ಅದಕ್ಕೇ ಎರಡನೇ ಪ್ರಶ್ನೆ. ನಿಮ್ಮ ಬಿಸಿಯೂಟದ ಸಾಲನ್ನು ಇದೇ ಪ್ರಶ್ನೆ ಇಟ್ಟುಕೊಂಡು ನೋಡಿ.

ಅಮೆರಿಕದ ಪುಸ್ತಕ ನಮಗ್ಯಾಕೆ ಅಂತ ತರಗತಿಯಲ್ಲಿ ಕೇಳುತ್ತಿದ್ದರು. ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರಿಗೆ ಡ್ಯೂಯಿಯೇ ಮೇಷ್ಟ್ರು. 1936ರ ‘ಜಾತಿ ವಿನಾಶ’ದ ಕೊನೆಯಲ್ಲಿ ‘ನನ್ನ ಗುರು’ ಅಂತಲೇ ಅವರನ್ನು ನೆನೆಯುತ್ತಾರೆ. ಸಮಾಜ ತನ್ನ ಹಳೆಯದನ್ನೆಲ್ಲ ಮುಂದಿನವರಿಗೆ ದಾಟಿಸಬೇಕಿಲ್ಲ, ನಾಳೆಯ ಸಮಾಜಕ್ಕೆ ಒಳಿತಾಗುವುದನ್ನಷ್ಟೇ ದಾಟಿಸಬೇಕು ಅನ್ನುವ ಮಾತನ್ನು ಅಲ್ಲಿ ಎತ್ತಿಕೊಂಡಿದ್ದು ಡ್ಯೂಯಿಯ ಇದೇ ಪುಸ್ತಕದಿಂದ. ಡ್ಯೂಯಿ ಶಾಲೆಗೆ ಹೇಳಿದ್ದನ್ನು ಅಂಬೇಡ್ಕರ್ ಇಡೀ ಹಿಂದೂ ಸಮಾಜಕ್ಕೆ ಕೇಳಿದರು. ಲಾಹೋರಿನಲ್ಲಿ ಆಗಬೇಕಿದ್ದ ಭಾಷಣ ಅದು. ಕರೆದವರೇ ಸಭೆ ರದ್ದು ಮಾಡಿದಾಗ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಎರಡನ್ನೂ ಜೊತೆಗಿಟ್ಟುಕೊಂಡು ಓದಿ.

ಸವಿತಾ, ಹಾವೇರಿ:
ತುಂಬಾ ಥ್ಯಾಂಕ್ಸ್ ಸರ್. ಡ್ಯೂಯಿ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಕ್ಕಿತು. ಒಂದು ಅನುಮಾನ: ಊಟದ ಸಾಲನ್ನು ನಾನೇ ಬದಲಿಸಿ ಕೂರಿಸಲಾ?

ನಿವೃತ್ತ ಮೇಷ್ಟ್ರು:
ಸುಮ್ನೆ ಆರ್ಡರ್ ಮಾಡಿದರೆ ನೀವಿರುವಷ್ಟು ಹೊತ್ತು ಮಾತ್ರ ಕೂರುತ್ತಾರಮ್ಮ. ಮೊದಲು ಕೆಲಸ ಕೊಡಿ. ಬಡಿಸುವುದು, ತಟ್ಟೆ ಎಣಿಸಿಡುವುದು, ಕೈತೋಟಕ್ಕೆ ನೀರು ಹಾಕುವುದು. ಪ್ರತಿ ತಂಡದಲ್ಲೂ ಬೇರೆ ಬೇರೆ ಓಣಿಯ ಮಕ್ಕಳಿರಲಿ. ವಾರಕ್ಕೊಮ್ಮೆ ತಂಡವೇ ಕೂತು ಏನು ಸರಿಹೋಗಲಿಲ್ಲ ಅಂತ ಮಾತಾಡಲಿ. ನಿಮ್ಮ ಮೌಲ್ಯಶಿಕ್ಷಣದ ಪೀರಿಯಡ್ ಅದಕ್ಕೇ ಕೊಟ್ಟುಬಿಡಿ.