ಸಹಾಯ ಬೇಕು: ನಾನು ಪಾಠ ಶುರು ಮಾಡಿದರೆ ಮಾತ್ರ ಗಲಾಟೆ ಮಾಡುವ ಹುಡುಗ

ಎಲ್ಲರಿಗೂ ನಮಸ್ಕಾರ. ಟೀಚರ್ ಟ್ರೈನಿಂಗ್ ಮಾಡುತ್ತಿದ್ದೇನೆ, ಈಗ ಇಂಟರ್ನ್‌ಶಿಪ್‌ಗೆ ಆರನೇ ಕ್ಲಾಸಿಗೆ ಹಾಕಿದ್ದಾರೆ. ಕ್ಲಾಸ್ ಟೀಚರ್ ಇದ್ದಾಗ ಎಲ್ಲರೂ ತೆಪ್ಪಗೆ ಕೂತಿರುತ್ತಾರೆ. ಅವರು ಆಚೆ ಹೋದರೆ ಸಾಕು, ಒಬ್ಬ ಹುಡುಗ ಬೆಂಚು ಬಡಿಯುವುದು, ಪಕ್ಕದವನ ಪುಸ್ತಕ ಎಳೆಯುವುದು, ನಾನು ಏನಾದರೂ ಕೇಳಿದರೆ ಬೇಕಂತಲೇ ತಲೆಹರಟೆ ಉತ್ತರ ಕೊಟ್ಟು ಎಲ್ಲರನ್ನೂ ನಗಿಸುವುದು. ಎಲ್ಲರೆದುರು ಗದರಿದರೆ ಇನ್ನೂ ಜಾಸ್ತಿ ಆಗುತ್ತದೆ. ಮಾತಾಡದೆ ಅವನ ಬೆಂಚಿನ ಹತ್ತಿರ ನಿಂತು ಪಾಠ ಮುಂದುವರಿಸಿದರೆ ಸುಮ್ಮನಾಗುತ್ತಾನೆ, ಆದರೆ ಬೋರ್ಡ್ ಕಡೆ ತಿರುಗಿದ ಕೂಡಲೇ ಮತ್ತೆ ಅದೇ ಕಥೆ.

ಗಲಾಟೆಗೆ ಮುಂಚೆ ಏನು ನಡೆಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು ಅಂತ ಬರೆದಿಡುತ್ತಿದ್ದೇನೆ. ನೋಡಿದರೆ ಬರೆಯುವ ಕೆಲಸ ಕೊಟ್ಟಾಗಲೇ ಹೆಚ್ಚು! ಬಾಯಿಲೆಕ್ಕ, ಗುಂಪಿನ ಕೆಲಸ ಇದ್ದರೆ ಅವನೇ ಎಲ್ಲರಿಗಿಂತ ಚುರುಕು. ಬರೆಯಲು ಕಷ್ಟವಾಗಿ, ಅದು ಗೊತ್ತಾಗಬಾರದು ಅಂತ ಹೀಗೆ ಮಾಡುತ್ತಿರಬಹುದಾ? ಇಂಟರ್ನ್ ಆಗಿ ಇದನ್ನು ನಾನೇ ತೀರ್ಮಾನ ಮಾಡುವ ಹಾಗಿಲ್ಲ, ಮನೆಯವರನ್ನು ಕರೆಸುವುದೂ ನನ್ನ ಕೈಲಿಲ್ಲ. ಕ್ಲಾಸ್ ಟೀಚರ್‌ಗೆ ಹೇಳಬೇಕು, ಆದರೆ ಇವರಿಗೆ ಕ್ಲಾಸ್ ಹಿಡಿತಕ್ಕೆ ತರಲು ಬರಲ್ಲ ಅಂದುಕೊಂಡರೆ? ನನಗೆ ಮಾರ್ಕ್ಸ್ ಕೊಡುವವರೂ ಅವರೇ ಅಲ್ವಾ.

ಅನುಭವ ಇರುವವರು ಹೇಳಿ, ಈ ಟಿಪ್ಪಣಿಗಳನ್ನೇ ಅವರಿಗೆ ತೋರಿಸಿ ಮಾತು ಶುರು ಮಾಡಲಾ, ಅಥವಾ ಮೊದಲು ಹುಡುಗನನ್ನೇ ಒಬ್ಬನೇ ಇದ್ದಾಗ ಮಾತಾಡಿಸಲಾ? ಬರೆಯುವ ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದು ಕೊಟ್ಟು ನೋಡಿದವರು ಇದ್ದೀರಾ? ಎರಡೇಟು ಬಿಡಿ, ಆಚೆ ನಿಲ್ಲಿಸಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.