ಮುದ್ದೆ, ಅನ್ನ, ರೊಟ್ಟಿ ಕಡಿಮೆ ಮಾಡಿಯೂ ಸವಿಯಾಗಿ ಉಣ್ಣುವುದು ಹೇಗೆ? – ಆಹಾರತಜ್ಞೆಯೊಂದಿಗೆ ಪ್ರಶ್ನೋತ್ತರ

ಆಹಾರತಜ್ಞೆ: ಎಲ್ಲರಿಗೂ ನಮಸ್ಕಾರ. ಪಿಷ್ಟ ಅಂದರೆ ಕಾರ್ಬೋಹೈಡ್ರೇಟ್ ಇಳಿಸಿ, ನಮ್ಮ ಅಡುಗೆಯನ್ನೇ ಖುಷಿಯಿಂದ ಉಣ್ಣುವುದು ಹೇಗೆ ಎಂಬುದು ಇಂದಿನ ವಿಷಯ. ಪ್ರಶ್ನೆಯ ಜೊತೆ ವಯಸ್ಸು, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆಯ ಹೆಸರು ಬರೆಯಿರಿ. ಮಾತ್ರೆಯ ಹೆಸರು ಗೊತ್ತಿಲ್ಲದೆ ಸಕ್ಕರೆ ಕಾಯಿಲೆಯವರಿಗೆ ಸಲಹೆ ಕೊಡಲಾರೆ.

ಮಂಡ್ಯದಿಂದ: ಮೇಡಂ, ನಮ್ಮ ತಂದೆಗೆ 62 ವರ್ಷ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ತೆಗೆದುಕೊಳ್ಳುತ್ತಾರೆ. ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣುತ್ತಾರೆ. ಆದರೂ ಊಟದ ನಂತರದ ಸಕ್ಕರೆ 240ರಿಂದ ಕೆಳಗಿಳಿಯುತ್ತಿಲ್ಲ. ರಾಗಿ ಒಳ್ಳೆಯದಲ್ಲವೇ?

ಆಹಾರತಜ್ಞೆ: ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅದೇ 100 ಗ್ರಾಂನಲ್ಲಿ 70 ಗ್ರಾಂನಷ್ಟು ಪಿಷ್ಟವೂ ಇದೆ. ಅಕ್ಕಿಯಲ್ಲಿ 78ರ ಆಸುಪಾಸು. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆಗೆ ಬಂದರೆ ಒಟ್ಟು ಪಿಷ್ಟ ಇಳಿಯುವುದಿಲ್ಲ, ಏರಲೂಬಹುದು. ಅದೂ ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಬೆಂದದ್ದು, ಅಗಿಯದೆ ನುಂಗುವಂಥದ್ದು. ಸಕ್ಕರೆ ಏರದೆ ಇನ್ನೇನಾಗುತ್ತದೆ?

ಬಸ್ಸಾರು ಮಾಡಿದ ದಿನ ಮುದ್ದೆಯನ್ನು ತಟ್ಟೆಯ ನಡುವೆ ಕೂರಿಸಿ, ಬಸಿದ ಕಾಳುಸೊಪ್ಪಿನ ಪಲ್ಯವನ್ನು ಒಂದು ಚಮಚ ಅಂಚಿಗೆ ಹಾಕುವುದು ರೂಢಿ. ಅದನ್ನು ತಿರುಗಿಸಿ. ಹುರುಳಿಕಾಳು ಮತ್ತು ಸೊಪ್ಪಿನ ಪಲ್ಯ ತುಂಬಿದ ಬಟ್ಟಲು, ಜೊತೆಗೆ ಹಸಿ ಸೌತೆಕಾಯಿ, ತಿನ್ನುವವರಾದರೆ ಬೇಯಿಸಿದ ಮೊಟ್ಟೆ. ಇವು ಮೊದಲು ಹೊಟ್ಟೆಗೆ ಹೋಗಲಿ. ಆಮೇಲೆ 40 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಖಾರವಾಗಿ ಬಸ್ಸಾರು. ರುಚಿ ಸಾರಿನಲ್ಲಿದೆ, ಅದಕ್ಕೆ ಯಾವ ನಿರ್ಬಂಧವೂ ಇಲ್ಲ. 240 ಹಾಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಿ. ಊಟವೊಂದರಿಂದಲೇ ಎಲ್ಲವೂ ಇಳಿಯಬೇಕೆಂದು ಕಾಯಬೇಡಿ.

ಚಿತ್ರದುರ್ಗದಿಂದ: ರಾಗಿ ಬೇಡವಾದರೆ ನವಣೆ, ಸಾಮೆ ಉಣ್ಣಲಿ. ಸಿರಿಧಾನ್ಯ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ.

ಆಹಾರತಜ್ಞೆ: ಏರುತ್ತದೆ. ನಾರು ಹೆಚ್ಚಿರುವುದರಿಂದ ನಿಧಾನವಾಗಿ ಏರಬಹುದು. "ಎಷ್ಟು ತಿಂದರೂ" ಎಂಬ ಮಾತು ಯಾವ ಧಾನ್ಯಕ್ಕೂ ಸಲ್ಲದು. ಐಸಿಎಂಆರ್ ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. 2025ರಲ್ಲಿ ಪ್ರಕಟವಾದ ಅದರ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರುವುದು ಪಿಷ್ಟದಿಂದ. ಅಕ್ಕಿಯ ಬದಲು ಇಡೀ ಗೋಧಿ ಅಥವಾ ಸಿರಿಧಾನ್ಯ ಎಂದು ಹೆಸರು ಬದಲಿಸಿ ಪ್ರಮಾಣ ಹಾಗೆಯೇ ಉಳಿಸಿಕೊಂಡರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಕಾಳು, ಮೊಸರಿನಂಥ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಕಡಿಮೆಯಾಯಿತು.

ಕಲಬುರಗಿಯಿಂದ: ಜೋಳದ ರೊಟ್ಟಿ ಉಣ್ಣಬಹುದೇ ಮೇಡಂ?

ಆಹಾರತಜ್ಞೆ: ಒಂದು. ಪುಂಡಿಪಲ್ಯ, ಜುಣಕ, ಮಡಕಿಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು ಜೊತೆಗಿರಲಿ. ಉತ್ತರ ಕರ್ನಾಟಕದ ತಟ್ಟೆಯಲ್ಲಿ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಈರುಳ್ಳಿ ಮೊದಲಿನಿಂದಲೂ ಇವೆ. ಅವನ್ನು ಬಿಡಬೇಡಿ.

ಮೈಸೂರಿನಿಂದ: ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುತ್ತಿದ್ದೇನೆ. ಸರಿಯೇ?

ಆಹಾರತಜ್ಞೆ: ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇದೆ. ಜೇನುತುಪ್ಪವನ್ನೂ ಕೇಳುವವರಿದ್ದಾರೆ, ಅದಕ್ಕೂ ಇದೇ ಉತ್ತರ.

ಉಡುಪಿಯಿಂದ: ಅಕ್ಕಾ, ನನಗೆ 45 ವರ್ಷ, ಯಾವ ಮಾತ್ರೆಯೂ ಇಲ್ಲ, ಸಕ್ಕರೆ ಗಡಿಯಲ್ಲಿದೆ. ಮಧ್ಯಾಹ್ನ, ರಾತ್ರಿ ಹೇಗೋ ನಡೆಯುತ್ತದೆ. ಬೆಳಗಿನ ತಿಂಡಿಯೇ ಕಷ್ಟ. ನೀರುದೋಸೆ, ಇಡ್ಲಿ, ಅವಲಕ್ಕಿ, ಶಾವಿಗೆ ಎಲ್ಲವೂ ಪಿಷ್ಟವೇ. ಓಟ್ಸ್ ಗಂಟಲಲ್ಲಿ ಇಳಿಯುವುದಿಲ್ಲ.

ಆಹಾರತಜ್ಞೆ: ಓಟ್ಸ್ ಬೇಕಾಗಿಲ್ಲ. ನುಚ್ಚಿನುಂಡೆ ಮಾಡಿ ನೋಡಿ. ತೊಗರಿಬೇಳೆ, ಕಡಲೆಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಶುಂಠಿ, ಹಸಿಮೆಣಸು, ತೆಂಗಿನತುರಿ ಸೇರಿಸಿ ಹಬೆಯಲ್ಲಿ ಬೇಯಿಸುವುದು. ಮೇಲೆ ಅರ್ಧ ಚಮಚ ತುಪ್ಪ, ಪಕ್ಕದಲ್ಲಿ ಮಜ್ಜಿಗೆಹುಳಿ. ಹಳೆ ಮೈಸೂರು ಸೀಮೆಯ ಈ ತಿಂಡಿಯಲ್ಲಿ ಒಂದು ಕಾಳು ಅಕ್ಕಿಯಿಲ್ಲ. ಬೇಳೆಯಲ್ಲೂ ಪಿಷ್ಟವಿದೆ, ಇಲ್ಲವೆನ್ನುವುದಿಲ್ಲ. ಆದರೆ 100 ಗ್ರಾಂ ಒಣಬೇಳೆಗೆ 22 ಗ್ರಾಂನಷ್ಟು ಪ್ರೋಟೀನ್, ಜೊತೆಗೆ ನಾರು. ಮಧ್ಯಾಹ್ನದವರೆಗೆ ಹಸಿವು ತಡೆಯುತ್ತದೆ.

ಹೆಸರುಕಾಳು ನೆನೆಸಿ ರುಬ್ಬಿದ ದೋಸೆಗೆ ಹುದುಗು ಬರಿಸುವ ಕೆಲಸವೂ ಇಲ್ಲ. ಹಿಟ್ಟಿಗೆ ಒಂದು ಹಿಡಿ ನುಗ್ಗೆಸೊಪ್ಪು ಹಾಕಿ, ಕಾಯಿಚಟ್ನಿ ಧಾರಾಳವಾಗಿ ಹಚ್ಚಿಕೊಳ್ಳಿ. ನಿಮ್ಮ ಕಡೆಯ ಕಡಲೆ ಸುಕ್ಕವನ್ನು ತಿಂಡಿಯಾಗಿಯೇ ಒಂದು ಬಟ್ಟಲು ತಿನ್ನಬಹುದು, ಅದಕ್ಕೆ ನೀರುದೋಸೆ ಒಂದೇ ಒಂದು. ಮೀನು ತಿನ್ನುವವರಾದರೆ ಬೂತಾಯಿ ಪುಳಿಮುಂಚಿಗೆ ಕುಚ್ಚಲಕ್ಕಿ ಅನ್ನ ಅರ್ಧ ಸೌಟು ಸಾಕು. ಕರಾವಳಿಯವರು ಊಟವನ್ನು ಕಳೆದುಕೊಳ್ಳದೆ ಪಿಷ್ಟ ಇಳಿಸಬಲ್ಲರು. ಒಂದೆಲಗದ ತಂಬುಳಿ ನಿಮ್ಮ ಮನೆಯಲ್ಲಿ ಮಾಡುತ್ತೀರಾ? ಮಾಡಿದರೆ ಅದನ್ನು ಅನ್ನಕ್ಕೆ ಕಲಸದೆ ಲೋಟದಲ್ಲಿ ಕುಡಿಯಿರಿ.

ದಾವಣಗೆರೆಯಿಂದ: *ಎಲ್ಲರಿಗೂ ಕಳುಹಿಸಿ.* ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೋರೆಕಾಯಿ ರಸ ಮತ್ತು ಇನ್ಸುಲಿನ್ ಗಿಡದ ಎರಡು ಎಲೆ. ಒಂದು ತಿಂಗಳಲ್ಲಿ ಎಲ್ಲ ಮಾತ್ರೆ ನಿಲ್ಲಿಸಬಹುದು. ಕಹಿಯಿದ್ದಷ್ಟೂ ಗುಣ ಹೆಚ್ಚು.

ಆಹಾರತಜ್ಞೆ: ಇದನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಸೋರೆಕಾಯಿ ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಆ ರಸ ಕುಡಿದು ರಕ್ತವಾಂತಿಯಾದವರಿದ್ದಾರೆ, ಸತ್ತವರೂ ಇದ್ದಾರೆ. ಕಹಿ ಸೋರೆಕಾಯಿ ರಸ ಕುಡಿಯಲೇಬಾರದೆಂದು ಐಸಿಎಂಆರ್ ನೇಮಿಸಿದ ಸಮಿತಿಯೇ ಹೇಳಿದೆ. "ಕಹಿಯಿದ್ದಷ್ಟೂ ಗುಣ" ಎಂಬ ಈ ಒಂದು ಸಾಲು ಜೀವ ತೆಗೆಯಬಲ್ಲದು. ಎಲೆ ತಿಂದು ಮಾತ್ರೆ ನಿಲ್ಲಿಸುವ ಮಾತನ್ನು ಈ ಗುಂಪಿನಲ್ಲಿ ಮತ್ತೆ ಬರೆಯಬೇಡಿ.

ದಾವಣಗೆರೆಯಿಂದ: ನಮ್ಮ ಹಿರಿಯರು ಇದನ್ನೇ ಮಾಡಿ ನೂರು ವರ್ಷ ಬಾಳಿದರು.

ಮಂಡ್ಯದಿಂದ: ನಿಮ್ಮ ಹಿರಿಯರು ದಿನವಿಡೀ ಗದ್ದೆಯಲ್ಲಿರುತ್ತಿದ್ದರು. ನೀವು ಎಲ್ಲಿರುತ್ತೀರಿ?

ತಿಪಟೂರಿನಿಂದ: ಮೇಡಂ, ನಮ್ಮ ಅತ್ತೆಗೆ 58. ಡಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ಕೊಡುತ್ತಿದ್ದೇವೆ. ವಿಡಿಯೊ ನೋಡಿ ಹತ್ತು ದಿನದಿಂದ ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲವನ್ನೂ ನಿಲ್ಲಿಸಿದ್ದಾರೆ. ಸಕ್ಕರೆ ಈಗ 160, ಬಹಳ ಸಂತೋಷವಾಗಿತ್ತು. ನಿನ್ನೆಯಿಂದ ವಾಂತಿ, ಹೊಟ್ಟೆನೋವು, ಎದ್ದು ಓಡಾಡಲು ಶಕ್ತಿಯಿಲ್ಲ. ಪಿತ್ತವಿರಬಹುದೆಂದು ನಿಂಬೆಹಣ್ಣಿನ ಪಾನಕ ಕೊಡುತ್ತಿದ್ದೇವೆ. ಊಟದಲ್ಲಿ ಏನು ಬದಲಿಸಲಿ?

ಆಹಾರತಜ್ಞೆ: ತಿಪಟೂರಿನವರೇ, ಉಳಿದದ್ದನ್ನೆಲ್ಲ ಬಿಟ್ಟು ಇದನ್ನು ಓದಿ. ಊಟ ಬದಲಿಸುವ ಹೊತ್ತು ಇದಲ್ಲ. ಅತ್ತೆಯವರನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಇಂದಿನ ಡಪಾಗ್ಲಿಫ್ಲೋಜಿನ್ ಕೊಡಬೇಡಿ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕಾರಣ ಹೇಳುತ್ತೇನೆ, ಬೇರೆಯವರೂ ಓದಬೇಕು. ಈ ಮಾತ್ರೆ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಇದೇ ಗುಂಪಿನವು. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದನ್ನು ಮಾಡುವ ಔಷಧಗಳು, ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ಒಂದು ಕಡೆ ಮಾತ್ರೆ ಸಕ್ಕರೆಯನ್ನು ಹೊರಗೆ ಕಳುಹಿಸುತ್ತಿರುವಾಗ ಇನ್ನೊಂದು ಕಡೆ ಪಿಷ್ಟವನ್ನು ಏಕಾಏಕಿ ನಿಲ್ಲಿಸಿದರೆ ದೇಹ ಕೊಬ್ಬನ್ನು ಕರಗಿಸುವ ವೇಗ ಮಿತಿ ಮೀರಬಹುದು. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಇದು ಕೀಟೋಅಸಿಡೋಸಿಸ್. ಸಾಮಾನ್ಯವಾಗಿ ಇದರಲ್ಲಿ ಸಕ್ಕರೆ ತುಂಬ ಏರಿರುತ್ತದೆ, ಆದ್ದರಿಂದ ತಕ್ಷಣ ಗೊತ್ತಾಗುತ್ತದೆ. ಈ ಮಾತ್ರೆಯವರಲ್ಲಿ 250ಕ್ಕಿಂತ ಕಡಿಮೆ ಇದ್ದಾಗಲೂ ಬರುತ್ತದೆ. ಮನೆಯವರು ಮೀಟರಿನಲ್ಲಿ 160 ನೋಡಿ ನೆಮ್ಮದಿಯಿಂದಿರುತ್ತಾರೆ, ರೋಗಿ ಕುಸಿಯುತ್ತಿರುತ್ತಾರೆ. ನಾನು ಹೆದರುವುದು ಇದಕ್ಕೇ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಜೋರಾದ ಉಸಿರಾಟ ಇದರ ಲಕ್ಷಣಗಳು. ವೈದ್ಯರಿಗೆ ಮಾತ್ರೆಯ ಹೆಸರು ಹೇಳಿ, "ಹತ್ತು ದಿನದಿಂದ ಪಿಷ್ಟ ನಿಲ್ಲಿಸಿದ್ದಾರೆ, ಕೀಟೋನ್ ನೋಡಿ" ಎಂದು ನೀವಾಗಿಯೇ ಕೇಳಿ. ಬೇರೆ ಏನೋ ಆಗಿರಬಹುದು, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಆಸ್ಪತ್ರೆ. ಹೊರಟ ಕೂಡಲೇ ಇಲ್ಲಿ ಒಂದು ಸಾಲು ಬರೆಯಿರಿ.

ಬೆಂಗಳೂರಿನಿಂದ: ಸುಮ್ಮನೆ ಹೆದರಿಸುತ್ತಿದ್ದೀರಿ. ನಾನು ಪಿಷ್ಟ ಬಿಡುವ ಕೀಟೋ ಪಥ್ಯ ಮಾಡಿ 9 ಕೆ.ಜಿ. ಇಳಿಸಿದ್ದೇನೆ. ಪನೀರ್, ಬೆಣ್ಣೆ, ಮೊಟ್ಟೆ ಅಷ್ಟೇ. ಅನ್ನವೇ ವಿಷ.

ಮಂಡ್ಯದಿಂದ: ಭತ್ತ ಬೆಳೆದು ಬದುಕುವವರ ಮುಂದೆ ಅನ್ನವನ್ನು ವಿಷ ಎನ್ನಬೇಡಿ.

ಬೆಂಗಳೂರಿನಿಂದ: ಭಾವನೆಯಿಂದ ಸಕ್ಕರೆ ಇಳಿಯುವುದಿಲ್ಲ ಸ್ವಾಮಿ.

ಚಿತ್ರದುರ್ಗದಿಂದ: ಇಬ್ಬರಿಗೂ ಹೇಳುತ್ತೇನೆ. ಸಿರಿಧಾನ್ಯಕ್ಕೆ ವಿಶ್ವಸಂಸ್ಥೆ 2023ನೇ ವರ್ಷವನ್ನೇ ಕೊಟ್ಟಿತು. ಈ ಮೇಡಂ ಒಪ್ಪುವುದಿಲ್ಲ. ಯಾರ ಪರವಾಗಿ ಮಾತನಾಡುತ್ತಿದ್ದಾರೋ!

ಉಡುಪಿಯಿಂದ: ಅಕ್ಕ ನವಣೆ ಬೇಡವೆಂದು ಎಲ್ಲಿ ಹೇಳಿದರು? ಮೇಲೆ ಓದಿ ನೋಡಿ.

ಆಹಾರತಜ್ಞೆ: ಬೆಂಗಳೂರಿನವರೇ, ನೀವು ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ಆರೋಗ್ಯವಂತರಾಗಿರಬಹುದು. ತಿಪಟೂರಿನ ತಾಯಿ ಹಾಗಿಲ್ಲ. ನಿಮ್ಮ ಅನುಭವವನ್ನು ಅವರ ಮೇಲೆ ಹೊರಿಸಬೇಡಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ಮಾತು ಕೇಳಿ ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಈ ಎರಡು ಔಷಧ ಇರುವವರು ಊಟ ಇಳಿಸುವ ಮೊದಲು ಪ್ರಮಾಣ ಇಳಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ತಿಪಟೂರಿನವರೇ, ಹೊರಟಿರಾ?

ಹಾವೇರಿಯಿಂದ: ರಾಗಿ ತಿನ್ನಬಹುದೇ?

ಆಹಾರತಜ್ಞೆ: ಮೊದಲ ಉತ್ತರ ಓದಿ.

ಮಸ್ಕತ್‌ನಿಂದ: ಇಲ್ಲಿ ಖರ್ಜೂರ ಎಲ್ಲರ ಮನೆಯಲ್ಲೂ ಇರುತ್ತದೆ. ದಿನಕ್ಕೆ ಎಷ್ಟು ತಿನ್ನಬಹುದು?

ಶಿರಸಿಯಿಂದ: ಏಕಾದಶಿಯಂದು ಸಬ್ಬಕ್ಕಿ ಕಿಚಡಿ ಮಾಡುತ್ತೇವೆ. ಉಪವಾಸವಾದ್ದರಿಂದ ತೊಂದರೆಯಿಲ್ಲ ಅಲ್ಲವೇ?

ಆಹಾರತಜ್ಞೆ: ಸಬ್ಬಕ್ಕಿ ಬಹುತೇಕ ಬರೀ ಪಿಷ್ಟ. ಮೊಸರು, ಶೇಂಗಾ, ಸೌತೆಕಾಯಿಯಿಂದ ಉಪವಾಸ ಮಾಡಿ. ಮಾತ್ರೆ ತೆಗೆದುಕೊಳ್ಳುವವರಾದರೆ ಉಪವಾಸಕ್ಕೂ ವೈದ್ಯರ ಒಪ್ಪಿಗೆ ಬೇಕು.

ಹುಬ್ಬಳ್ಳಿಯಿಂದ: ನಾನು 7 ತಿಂಗಳ ಗರ್ಭಿಣಿ. ಸಕ್ಕರೆ ಬಂದಿದೆ ಎಂದರು. ಬೆಂಗಳೂರಿನ ಸರ್ ಹೇಳಿದಂತೆ ಮಾಡಲೇ?

ಆಹಾರತಜ್ಞೆ: ಬೇಡ ತಂಗಿ, ಖಂಡಿತ ಬೇಡ. ಗರ್ಭಿಣಿಯರು ಪಿಷ್ಟವನ್ನು ಪೂರ್ತಿ ಬಿಡುವಂತಿಲ್ಲ, ಮಗುವಿಗೂ ಬೇಕು. ಅದನ್ನು ಮೂರು ಸಣ್ಣ ಊಟ, ಮೂರು ಸಣ್ಣ ತಿಂಡಿಗಳಾಗಿ ಹಂಚಿಕೊಳ್ಳಬೇಕು. ಎಷ್ಟೆಂದು ನಿಮ್ಮನ್ನು ನೋಡುತ್ತಿರುವ ವೈದ್ಯರೂ ಅಲ್ಲಿನ ಆಹಾರತಜ್ಞರೂ ಹೇಳಲಿ.

ದಾವಣಗೆರೆಯಿಂದ: ಮೇಡಂ, ಸೋರೆಕಾಯಿ ಬೇಡವಾದರೆ ಹಾಗಲಕಾಯಿ ರಸ? ಇದೂ ಬಂದಿದೆ, ಕಳುಹಿಸುತ್ತೇನೆ.

ಆಹಾರತಜ್ಞೆ: ಕಳುಹಿಸಬೇಡಿ. ಹಾಗಲಕಾಯಿ ಗೊಜ್ಜು ಮಾಡಿ ಉಣ್ಣಿ, ಬೆಲ್ಲ ಕಡಿಮೆ ಹಾಕಿ. ಅದು ತರಕಾರಿ, ಮಾತ್ರೆಗೆ ಬದಲಿಯಲ್ಲ. ನಿಮಗೆ ಎರಡನೆಯ ಬಾರಿ ಹೇಳುತ್ತಿದ್ದೇನೆ.

ದಾವಣಗೆರೆಯಿಂದ: ಒಳ್ಳೆಯದಕ್ಕೆ ಹೇಳಿದರೆ ಹೀಗೆ. ಇನ್ನು ಬರೆಯುವುದಿಲ್ಲ.

ಮೈಸೂರಿನಿಂದ: ಮಾತ್ರೆಯ ಕಂಪನಿಗಳಿಗೆ ನಷ್ಟವಾಗುತ್ತದೆಂದೇ ಮನೆಮದ್ದು ಬೇಡವೆನ್ನುತ್ತಾರೆ.

ಆಹಾರತಜ್ಞೆ: ಬೆಲ್ಲದ ಕಾಫಿ ಮೊದಲು ನಿಲ್ಲಿಸಿ.

ಕೋಲಾರದಿಂದ: ನಮ್ಮ ತಂದೆಯ ಮೂತ್ರಪಿಂಡದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.4 ಬಂದಿದೆ. ಕಾಳು, ಮೊಸರು, ಮೊಟ್ಟೆ ಹೆಚ್ಚಿಸಿ ಎಂದಿರಿ. ಹೆಚ್ಚಿಸಲೇ?

ಆಹಾರತಜ್ಞೆ: ನಿಮ್ಮ ತಂದೆಗೆ ಬೇಡ. ಮೂತ್ರಪಿಂಡ ಸೋತವರಿಗೆ ಪ್ರೋಟೀನ್ ಎಷ್ಟೆಂದು ನೆಫ್ರಾಲಜಿಸ್ಟ್, ಅಂದರೆ ಮೂತ್ರಪಿಂಡದ ತಜ್ಞರು ಹೇಳಬೇಕು. ಪೊಟ್ಯಾಸಿಯಂ ಇರುವ "ಕಡಿಮೆ ಸೋಡಿಯಂ ಉಪ್ಪು" ಮನೆಯಲ್ಲಿದ್ದರೆ ಅವರನ್ನು ಕೇಳದೆ ಬಳಸಬೇಡಿ. ಸರಿಯಾಗಿ ಕೇಳಿದಿರಿ.

ಬೆಂಗಳೂರಿನಿಂದ: ನನ್ನ ಪ್ರಶ್ನೆಗೆ ಉತ್ತರವಿಲ್ಲ. ಬಾದಾಮಿ ಹಿಟ್ಟಿನ ರೊಟ್ಟಿ ಬಗ್ಗೆ ಏನು ಹೇಳುತ್ತೀರಿ?

ಮಂಡ್ಯದಿಂದ: ಬಾದಾಮಿಯ ಬೆಲೆ ಗೊತ್ತಿದೆಯೇ? ಇಲ್ಲಿ ಶೇಂಗಾ ಇದೆ, ಹುರುಳಿ ಇದೆ.

ತಿಪಟೂರಿನಿಂದ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ಮೂತ್ರದಲ್ಲಿ ಕೀಟೋನ್ ಮೂರು ಪ್ಲಸ್, ಅಂದರೆ ತುಂಬ ಹೆಚ್ಚು ಎಂದರು. ಡ್ರಿಪ್ ಹಾಕಿದ್ದಾರೆ, ತುಮಕೂರಿಗೆ ಕಳುಹಿಸುತ್ತಿದ್ದಾರೆ. ಇನ್ಸುಲಿನ್ ಕೊಡುತ್ತಾರಂತೆ. ಸಕ್ಕರೆ 160 ಇರುವಾಗ ಇನ್ಸುಲಿನ್ ಏಕೆ? ಒಪ್ಪಲೇ?

ಆಹಾರತಜ್ಞೆ: ಒಪ್ಪಿ. ಕೀಟೋನ್ ತಯಾರಾಗುವುದನ್ನು ನಿಲ್ಲಿಸುವುದು ಇನ್ಸುಲಿನ್. ಸಕ್ಕರೆ ತೀರ ಇಳಿಯದಂತೆ ಜೊತೆಯಲ್ಲೇ ಗ್ಲೂಕೋಸ್ ಡ್ರಿಪ್ ಕೊಡುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ. ತುಮಕೂರಿನಲ್ಲಿಯೂ ಮಾತ್ರೆಯ ಪಟ್ಟಿಯನ್ನು ಮೊದಲು ತೋರಿಸಿ. ಡಪಾಗ್ಲಿಫ್ಲೋಜಿನ್ ಮುಂದೆ ಬೇಕೋ ಬೇಡವೋ ಎಂದು ಬಿಡುಗಡೆಯ ದಿನ ಬರೆಸಿಕೊಳ್ಳಿ. ಅತ್ತೆಯವರ ಊಟದ ಮಾತು ಅವರು ಮನೆಗೆ ಬಂದ ಮೇಲೆ. ನನಗೆ ನೇರವಾಗಿ ಬರೆಯಿರಿ, ಗುಂಪಿನಲ್ಲಿ ಬೇಡ.